ಧಕ್ಕೆ ಬೇಕೆಂದ ಹೀರಾಬಾಯಿ

ತೋಡೂರಿನಲ್ಲಿ ನಮ್ಮತ್ತೆಗೆ 'ಧಕ್ಕೆ ಹೀರಾ' ಎಂದು ಹೆಸರು. ಘಟ್ಟದ ಮೇಲಿನವರು ಈ ಹೆಸರು ಕೇಳಿದರೆ ಸ್ವಲ್ಪ ದೂರವೇ ನಿಲ್ಲುತ್ತಾರೆ. ಹುಬ್ಬಳ್ಳಿ ಕಡೆಯಿಂದ ನಮ್ಮ ಅಂಗನವಾಡಿ ನೋಡಲು ಬಂದಿದ್ದ ಮೇಡಂ ಒಬ್ಬರಂತೂ, "ಯಾರಿಗೆ ಏನು ಧಕ್ಕೆ ಮಾಡಿದ್ರು ಇವರು?" ಎಂದು ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದ್ದರು. ನಾನು ನಕ್ಕು ಸುಮ್ಮನಾಗಲಿಲ್ಲ. ಅವರನ್ನು ಕೂರಿಸಿ, ಚಹಾ ಕೊಟ್ಟು, ಪೂರ್ತಿ ಕಥೆ ಹೇಳಿಯೇ ಕಳಿಸಿದೆ. ಸೊಸೆ ಅತ್ತೆಯನ್ನು ಇಷ್ಟು ಹೊಗಳುವುದನ್ನು ಎಲ್ಲೂ ಕೇಳಿಲ್ಲ ಎಂದರು. ಅವರ ಅತ್ತೆ ಹೇಗಿದ್ದಾರೋ ನನಗೆ ಗೊತ್ತಿಲ್ಲ. ನಮ್ಮತ್ತೆಯನ್ನು ಹೊಗಳದೆ ಇರುವುದೇ ಕಷ್ಟ.

ಕರಾವಳಿಯ ನಮಗೆ ಧಕ್ಕೆ ಎಂದರೆ ದೋಣಿ ಬಂದು ತಾಗುವ ಕಟ್ಟೆ. ದೋಣಿ ಕಟ್ಟಿ, ಮೀನು ಇಳಿಸಿ, ಕಾಲು ಒದ್ದೆಯಾಗದೆ ನೆಲಕ್ಕೆ ಬರುವ ಜಾಗ. ಪುಸ್ತಕದ ಕನ್ನಡದಲ್ಲಿ ಧಕ್ಕೆ ಎಂದರೆ ಹಾನಿ. ಮಾತು ಒಂದೇ. ಘಟ್ಟದ ಕೆಳಗೆ ಎಲ್ಲರಿಗೂ ಬೇಕಾದದ್ದು, ಘಟ್ಟ ಹತ್ತಿದರೆ ಯಾರಿಗೂ ಬೇಡವಾದದ್ದು. ಈ ಒಂದು ಮಾತನ್ನು ಹಿಡಿದುಕೊಂಡು ಅಕ್ಷರ ಬಾರದ ನಮ್ಮತ್ತೆ ದಿಲ್ಲಿಯ ಪಾರ್ಲಿಮೆಂಟಿನ ಸಮಿತಿಯ ಎದುರು ಕುಳಿತರು ಎಂದರೆ ನಂಬುತ್ತೀರೋ ಇಲ್ಲವೋ. ನಾನು ಪಕ್ಕದಲ್ಲೇ ಕುಳಿತಿದ್ದೆ, ಹಾಗಾಗಿ ನಂಬಲೇಬೇಕು.

ಹೀರಾ ಹರಿಕಂತ್ರ ಎಂದರೆ ಕುಳ್ಳು ಆಳು, ಗಟ್ಟಿ ಮೈ, ಹಣೆಯಲ್ಲಿ ಕಾಸಗಲ ಕುಂಕುಮ, ತಲೆಯಲ್ಲಿ ಅಬ್ಬಲಿಗೆ ಹೂವಿನ ದಂಡೆ. ಕಾರವಾರದ ಮೀನುಪೇಟೆಯಲ್ಲಿ ಅತ್ತೆ ಒಂದು ಸಲ ಕೂಗಿದರೆ ಹೊಳೆಯಾಚೆ ಸದಾಶಿವಗಡದ ಬೆಕ್ಕುಗಳೂ ಎದ್ದು ಕೂರುತ್ತವೆ ಎಂದು ಮಾವ ಚೇಷ್ಟೆ ಮಾಡುತ್ತಾರೆ. ಶಾಲೆಗೆ ಹೋದವರಲ್ಲ, ಆದರೆ ಪೇಪರು ಓದಿಸಿಕೊಂಡು ಕೇಳದೆ ಅನ್ನ ಸೇರುವುದಿಲ್ಲ. ಯಾರಾದರೂ 'ಮಾಡಿಕೊಡುವಾ' ಎಂದರೆ ಸಾಕು, ಅವರ ಬಾಯಿಂದ ಬರುವ ಮೊದಲ ಮಾತು 'ಯಾವಾಗ?' ಪಂಚಾಯ್ತಿಯವರು, ಲೈನ್‌ಮನ್, ಮನೆಗೆ ಬನ್ನಿ ಎಂದು ಬಾಯಿಮಾತಿಗೆ ಕರೆಯುವ ನೆಂಟರು, ಯಾರಿಗೂ ಇದರಿಂದ ಬಿಡುಗಡೆಯಿಲ್ಲ. ಹಟ ಮಾತ್ರ ವಿಪರೀತ. ಹಿಡಿದರೆ ಉಡ ಹಿಡಿದಂತೆ.

ನಮ್ಮ ಮನೆಯವರ ಮೂಲ ಊರು ಕಡಲ ದಂಡೆಯಲ್ಲೇ ಇತ್ತು. ಅಂಗಳದಿಂದ ಇಳಿದರೆ ಮರಳು, ಮರಳಿನಿಂದ ಇಳಿದರೆ ದೋಣಿ. ನೌಕಾನೆಲೆಗೆಂದು ಆ ದಂಡೆಯನ್ನು ಸರಕಾರ ತೆಗೆದುಕೊಂಡಿತು. ಊರಿಗೆ ಊರೇ ಎದ್ದು ತೋಡೂರಿನ ಹೊಸ ಕಾಲೊನಿಗೆ ಬಂತು. ನಾನು ಅಂಕೋಲೆಯ ಬೇಲೇಕೇರಿಯವಳು, ಮದುವೆಯಾಗಿ ಬಂದದ್ದೇ ಕಾಲೊನಿಯ ಮನೆಗೆ. ಸುಳ್ಳು ಯಾಕೆ ಹೇಳಲಿ, ಮನೆ ಚೆನ್ನಾಗಿತ್ತು. ನಲ್ಲಿ, ಕರೆಂಟು, ಟಾರು ರಸ್ತೆ ಎಲ್ಲ ಇತ್ತು. ಕಡಲೊಂದು ಇರಲಿಲ್ಲ.

ಹೊಸ ಕಾಲೊನಿಯ ಗಂಡಸರು ದೋಣಿ ಇಡಲು ಹುಡುಕಿಕೊಂಡ ಜಾಗ ಗುಡ್ಡೇಬೇಲೆ. ಬೇಲೆ ಎಂದರೆ ನಮ್ಮಲ್ಲಿ ಕಡಲ ದಂಡೆ. ಗುಡ್ಡದ ಬುಡದಲ್ಲಿ ಕಡಲು ಸ್ವಲ್ಪ ಒಳಗೆ ನುಗ್ಗಿದ ಜಾಗ ಅದು. ಎರಡೂ ಕಡೆ ಬಂಡೆ, ನಡುವೆ ಅಂಗೈಯಷ್ಟು ಮರಳು. ತೆರೆ ಜೋರಾದರೆ ದೋಣಿಯನ್ನು ಬಂಡೆಗೆ ಬಡಿಯುತ್ತಿತ್ತು. ದೋಣಿ ದಡಕ್ಕೆ ಬರಲಾರದು, ಹಾಗಾಗಿ ಹೆಂಗಸರು ಸೊಂಟದವರೆಗೆ ನೀರಿಗಿಳಿದು ಬುಟ್ಟಿ ಹೊತ್ತು ತರಬೇಕು. ಆ ಒದ್ದೆ ಸೀರೆಯಲ್ಲೇ ಬಸ್ಸು ಹತ್ತಿ ಕಾರವಾರದ ಪೇಟೆಗೆ ಹೋಗಬೇಕು. ಬಸ್ಸಿನಲ್ಲಿ ಪಕ್ಕ ಕುಳಿತವರು ಮುಖ ತಿರುಗಿಸುತ್ತಿದ್ದರು. ಅತ್ತೆಗೆ ನೀರಿಗಿಂತ, ಬಂಡೆಗಿಂತ, ಆ ತಿರುಗಿದ ಮುಖಗಳದ್ದೇ ಸಿಟ್ಟು ಜಾಸ್ತಿ ಇತ್ತು.

ಒಂದು ದಿನ ಕಾಲೊನಿಯ ಹೆಂಗಸರನ್ನೆಲ್ಲ ಸೇರಿಸಿ, ಸಂಸದರಿಗೆ ಅರ್ಜಿ ಕೊಡುವುದೆಂದು ಅತ್ತೆಯೇ ತೀರ್ಮಾನ ಮಾಡಿದರು. ಬರೆಯುವ ಕೆಲಸ ನನ್ನದು, ಹೇಳುವ ಕೆಲಸ ಅವರದು.

"ಗುಡ್ಡೇಬೇಲೆಲಿ ನಮ್ಗೆ ಧಕ್ಕೆ ಮಾಡ್ಕೊಡ್ಬೇಕು ಅಂತೆ ಬರಿ," ಎಂದರು.

"ಅತ್ತೆ, ಜೆಟ್ಟಿ ಅಂತ ಬರಿಲಾ? ದಿಲ್ಲಿಗೆ ಹೋಗೂ ಕಾಗ್ದ ಅಲ್ಲಾ," ಎಂದೆ ನಾನು.

ಅವರ ಮುಖ ಬಿಗಿಯಿತು. "ಜೆಟ್ಟಿ ಅಂದ್ರೆ ಹಡಗದ್ದು. ಅದ್ನ ಕಟ್ಟೂಕೆ ನಮ್ಮ ಬೇಲೆ ಹೋಯ್ತು. ನಮ್ದು ಧಕ್ಕೆ. ನನ್ನ ಅಪ್ಪ ಧಕ್ಕೆ ಅಂದ, ನನ್ನ ಅಜ್ಜ ಧಕ್ಕೆ ಅಂದ. ನೀ ಧಕ್ಕೆ ಅಂತೇ ಬರಿ."

ಬರೆದೆ. ಸಂಸದರು ಅರ್ಜಿಯನ್ನು ಮೂಲೆಗೆ ಎಸೆಯಲಿಲ್ಲ, ಅದು ಅವರ ದೊಡ್ಡತನ. ಲೋಕಸಭೆಯಲ್ಲಿ ಸ್ಥಳಾಂತರಗೊಂಡ ಮೀನುಗಾರರ ಬಗ್ಗೆ ಪ್ರಶ್ನೆ ಹಾಕಿದರು. ಆದರೆ ಕಾರವಾರದಿಂದ ದಿಲ್ಲಿಗೆ ಹೋಗುವ ದಾರಿ ಉದ್ದ. ನಡುವೆ ಯಾವ ಊರಿನ ಯಾವ ಮೇಜಿನ ಮೇಲೋ, ಪುಸ್ತಕದ ಕನ್ನಡ ಬಲ್ಲ ಯಾರೋ ಒಬ್ಬರು ನಮ್ಮ ಅರ್ಜಿಯನ್ನು ಇಂಗ್ಲಿಷಿಗೆ ತಿರುಗಿಸಿದರು. ಯಾರಾದರೂ ಧಕ್ಕೆ ಬೇಕೆಂದು ಕೇಳುತ್ತಾರೆಯೇ? ಪಾಪ, ಓದು ಬಾರದ ಜನ, ಧಕ್ಕೆಯಾಗಬಾರದು ಎನ್ನಲು ಹೋಗಿ ತಪ್ಪಿ ಬರೆದಿದ್ದಾರೆ ಎಂದುಕೊಂಡಿರಬೇಕು. ಅವರೇ ತಿದ್ದಿ ನೆಟ್ಟಗೆ ಮಾಡಿಬಿಟ್ಟರು.

ಆಮೇಲೆ ಒಂದು ಸಂಜೆ ನಾನು ಪೇಪರು ಓದುತ್ತಿದ್ದೆ. ದೊಡ್ಡ ಅಕ್ಷರದಲ್ಲಿ ಹೀಗೆ ಇತ್ತು: 'ಕಾರವಾರ ಮೀನುಗಾರರಿಗೆ ಧಕ್ಕೆಯಾಗದು: ಲೋಕಸಭೆಯಲ್ಲಿ ಸಚಿವರ ಭರವಸೆ.'

ಅತ್ತೆ ಬಾಂಗಡೆ ಮೀನು ಕೊಯ್ಯುತ್ತಿದ್ದವರು ಕತ್ತಿ ಕೆಳಗಿಟ್ಟರು. "ಎಂತಾ? ಧಕ್ಕೆ ಆಗೂದಿಲ್ವಂತಾ?"

"ಹಾಗೇ ಬರ್ದಾರೆ."

"ಆಗೂದಿಲ್ಲಾ ಅಂತೆ ಭರವಸೆ ಕೊಟ್ರಾ? ಇದೆಂತಾ ನಮೂನಿ ಭರವಸೆ?"

ಮರುದಿನ ಕಾಲೊನಿಯ ಹೆಂಗಸರ ದಂಡು ಮೀನು ಬುಟ್ಟಿ ಸಮೇತ ಕಾರವಾರದಲ್ಲಿ ಆ ಪೇಪರಿನ ವರದಿಗಾರರ ಕೋಣೆಗೆ ನುಗ್ಗಿತು. ಎಲ್ಲರೂ ಒಟ್ಟಿಗೆ ಕೂಗಿದರು. ಆಗುವುದಿಲ್ಲ ಎಂದು ಹೇಳಲು ದಿಲ್ಲಿಯವನು ಯಾರು, ಅದನ್ನು ಸಿಹಿ ಸುದ್ದಿಯ ಹಾಗೆ ಅಚ್ಚು ಹಾಕಲು ನೀನು ಯಾರು ಎಂದು ಜೋರು ಮಾಡಿದರು. ವರದಿಗಾರ ಬೆವರು ಒರೆಸಿಕೊಳ್ಳುತ್ತ, "ಬಾಯಿ, ಹಾನಿ ಆಗೂದಿಲ್ಲ ಅಂತ ಅದರ ಅರ್ಥ, ಒಳ್ಳೇದೇ ಹೇಳಿದಾರೆ," ಎಂದು ಬಿಡಿಸಿ ಹೇಳಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಚಿವರು ಧಕ್ಕೆ ಇಲ್ಲ ಎಂದಿರಲಿಲ್ಲ. ಧಕ್ಕೆಯ ಸುದ್ದಿಯೇ ಅವರ ಕಿವಿಗೆ ಬಿದ್ದಿರಲಿಲ್ಲ.

ಪೇಟೆಯಲ್ಲಿ ಇದು ನಗೆಯಾಯಿತು. ಕಾಲೊನಿಯಲ್ಲಿ ನಗೆಯಾಗಲಿಲ್ಲ. 'ಜೆಟ್ಟಿ ಅಂತ ಬರೆದಿದ್ದರೆ ಇಷ್ಟು ಹೊತ್ತಿಗೆ ಆಗಿ ಹೋಗುತ್ತಿತ್ತು, ಹೀರಾಳ ಹಟಕ್ಕೆ ನಾವೆಲ್ಲ ನೀರಲ್ಲಿ ನಿಂತೆವು' ಎಂದು ಮಾತು ಶುರುವಾಯಿತು. ಮುಖದ ಎದುರು ಯಾರೂ ಹೇಳಲಿಲ್ಲ, ಅಷ್ಟು ಧೈರ್ಯ ಯಾರಿಗಿದೆ? ಆದರೆ ಬೆನ್ನ ಹಿಂದಿನ ಮಾತು ಮುಂದಿನಿಂದ ಬಂದದ್ದಕ್ಕಿಂತ ಬೇಗ ತಾಗುತ್ತದೆ.

ಆಗ ನಮಗೆ ದಾರಿ ತೋರಿಸಿದವರು ಅಂಕೋಲೆಯಲ್ಲಿರುವ ನನ್ನ ಸೋದರಮಾವ ಮಾಬ್ಲೇಶ್ವರ ಮಾಸ್ತರರು. ನಿವೃತ್ತ ಶಿಕ್ಷಕರು, ಲೋಕಸಭೆಯ ಸುದ್ದಿ ಎಂದರೆ ಜೀವ. ಬೇರೆಯವರು ಕ್ರಿಕೆಟ್ ಕೇಳುವ ಹಾಗೆ ಅವರು ಪ್ರಶ್ನೋತ್ತರ ಕೇಳುತ್ತಾರೆ. ನಮ್ಮ ಮನೆಗೆ ಬಂದವರು ಪೇಪರು ತರಿಸಿ ಓದಿ, ತೊಡೆ ತಟ್ಟಿಕೊಂಡರು.

"ಹೀರಾಬಾಯಿ, ಹಾಳಾಗಲಿಲ್ಲ. ಸಚಿವ್ರು ಸದನದಲ್ಲಿ 'ನೋಡಿಕೊಳ್ಳಲಾಗುವುದು' ಅಂದಾರೆ. ಅದು ಚುನಾವಣೆ ಮಾತಲ್ಲ."

"ಮಾತು ಮಾತೇ ಅಲ್ವಾ ಮಾಸ್ತರ್ರೇ?"

"ಅಲ್ಲ. ಹೊರಗೆ ಆಡಿದ್ದು ಮಾತು, ಸದನದಲ್ಲಿ ಆಡಿದ್ದು ಭರವಸೆ. 'ಮಾಡ್ತೇವೆ', 'ಪರಿಶೀಲಿಸ್ತೇವೆ', 'ನೋಡ್ಕೊಳ್ತೇವೆ' ಅಂತ ಸಚಿವ್ರು ಅಂದದ್ದನ್ನೆಲ್ಲ ಹೆಕ್ಕಿ ಇಟ್ಕೊಳ್ಳೂಕೇ ಒಂದು ಸಮಿತಿ ಅದೆ. ಭರವಸೆಗಳ ಸಮಿತಿ. ಎಲ್ಲ ಪಕ್ಷದ ಸಂಸದರೂ ಅದ್ರಲ್ಲಿ ಇರ್ತಾರೆ, ಸಚಿವ್ರು ಮಾತ್ರ ಇರೂ ಹಾಗಿಲ್ಲ. ಮೂರು ತಿಂಗಳಲ್ಲಿ ಮಾಡಿ ತೋರಿಸ್ಬೇಕು. ಆಗದಿದ್ರೆ ಯಾಕೆ ಆಗಿಲ್ಲ ಅಂತ ಇವ್ರು ಕರೆಸಿ ಕೇಳ್ತಾರೆ."

ಅತ್ತೆ ಪೇಪರನ್ನು ಎತ್ತಿಕೊಂಡು ಆ ದೊಡ್ಡ ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ ಕೇಳಿದರು: "ಸರಕಾರಕ್ಕೇ ಯಾವಾಗ ಅಂತ ಕೇಳೂಕೆ ಜನ ಇಟ್ಟಾರಾ?"

"ಅದಕ್ಕೇ ಪಾರ್ಲಿಮೆಂಟು ಇರೂದು."

"ಹಾಗಾರೆ ಚಲೋ ಜಾಗನೇ ಅದು," ಎಂದರು ಅತ್ತೆ. ಪಾರ್ಲಿಮೆಂಟಿಗೆ ಅಷ್ಟು ದೊಡ್ಡ ಸರ್ಟಿಫಿಕೇಟು ಅವರು ಅದಕ್ಕೂ ಮುಂಚೆ ಕೊಟ್ಟದ್ದಿಲ್ಲ.

ಆದರೆ ಮಾಸ್ತರರು ಹೇಳಿದ್ದರಲ್ಲಿ ಒಂದು ತೊಡಕಿತ್ತು. ಸಚಿವರು ಕೊಟ್ಟ ಭರವಸೆ ಹಾನಿಯಾಗದಂತೆ ನೋಡಿಕೊಳ್ಳುವುದು, ಕಟ್ಟೆ ಕಟ್ಟುವುದಲ್ಲ. ಸಮಿತಿ ಕೇಳಿದರೂ ಕೇಳುವುದು ಅದನ್ನೇ. ಮಾಸ್ತರರು ಸಂಸದರ ಕಚೇರಿಗೆ ಓಡಾಡಿದರು, ಮತ್ತೆ ಅರ್ಜಿ ಹೋಯಿತು, ಉತ್ತರ ಬರಲಿಲ್ಲ. ಅಷ್ಟರೊಳಗೆ ಮಳೆಗಾಲ ಹತ್ತಿರ ಬಂತು.

ಗಾಳಿ ತಿರುಗಿದ ಆ ದಿನ ನನ್ನ ಗಂಡ ದೇವಾನಂದ ಮತ್ತು ಮಾವ ಒಂದೇ ದೋಣಿಯಲ್ಲಿದ್ದರು. ಮಾವನ ಹೆಸರು ಮಾದು, ಕಡಲಿನಲ್ಲಿ ಅವರಿಗಿಂತ ಹಳಬರು ಕಾಲೊನಿಯಲ್ಲಿ ಇಲ್ಲ. ಗುಡ್ಡೇಬೇಲೆಗೆ ದೋಣಿ ತಿರುಗಿಸುವಾಗ ದೊಡ್ಡ ತೆರೆ ಎತ್ತಿತು. ದೋಣಿ ಬಂಡೆಗೆ ಬಡಿಯದಿರಲಿ ಎಂದು ಮಾವ ನೀರಿಗೆ ಹಾರಿ ಹೆಗಲು ಕೊಟ್ಟರು. ಎರಡನೆಯ ತೆರೆ ಬಂತು. ದೋಣಿಗೂ ಬಂಡೆಗೂ ನಡುವೆ ಅವರ ಬಲಗಾಲು ಸಿಕ್ಕಿಕೊಂಡಿತು. ನಾವು ಹೆಂಗಸರು ಬುಟ್ಟಿ ಬಿಟ್ಟು ನೀರಿಗೆ ಓಡಿದೆವು. ಅವರನ್ನು ಎತ್ತಿ ತಂದು ಮರಳಿನ ಮೇಲೆ ಮಲಗಿಸಿದಾಗ ಅತ್ತೆ ತಮ್ಮ ಒದ್ದೆ ಸೆರಗನ್ನೇ ಆ ಕಾಲಿಗೆ ಬಿಗಿದು ಕಟ್ಟಿದರು.

ಕಾಲು ಉಳಿಯಿತು, ಬಲ ಉಳಿಯಲಿಲ್ಲ. ಮಾವ ಊರುಗೋಲು ಹಿಡಿದು ಮನೆಯ ಜಗಲಿಗೆ ಬಂದು ಕುಳಿತರು, ಬಲೆ ನೇಯುತ್ತ. ನೀರಿನಲ್ಲಿ ಇಳಿದು ದೋಣಿ ಹತ್ತುವುದು ಇನ್ನು ಸಾಧ್ಯವಿಲ್ಲ ಎಂದಾಯಿತು. ಅತ್ತೆ ಕೆಲವು ದಿನ ಪೇಟೆಗೆ ಹೋಗಲಿಲ್ಲ. ಒಮ್ಮೆ ಒಲೆಯ ಮುಂದೆ ಕುಳಿತು, "ಜೆಟ್ಟಿ ಅಂತೆ ಬರ್ಸಿದ್ರೆ ಇವ್ರ ಕಾಲು ಉಳಿತಿತ್ತಾ, ಸುಮಾ?" ಎಂದು ಕೇಳಿದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ನನಗೆ ಅವರ ಮೇಲೆ ಕನಿಕರ ಬಂತು, ಬೆನ್ನ ಹಿಂದೆ ಮಾತಾಡಿದವರ ಮೇಲೆ ಸಿಟ್ಟೂ ಬಂತು. ಇಲ್ಲ ಅತ್ತೆ, ಕಟ್ಟೆ ಇಷ್ಟು ಬೇಗ ಯಾರೂ ಕಟ್ಟುತ್ತಿರಲಿಲ್ಲ ಎಂದೆ. ಅದು ನಿಜವೂ ಆಗಿತ್ತು. ಅವರು ನಂಬಲಿಲ್ಲ.

ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಮಾಸ್ತರರು ಬಸ್ಸಿಳಿದು ಓಡಿಕೊಂಡೇ ಬಂದರು. ಭರವಸೆಗಳ ಸಮಿತಿ ಪ್ರವಾಸದಲ್ಲಿ ಕಾರವಾರಕ್ಕೆ ಬರುತ್ತಿದೆ. ನಮ್ಮ ಮೀನುಗಾರರ ವಿಷಯವೂ ಅದರಲ್ಲಿ ಇದೆ. ಆದರೆ ಸರಕಾರದ ಕಡೆಯಿಂದ ವರದಿ ಹೋಗಿಬಿಟ್ಟಿದೆ: ಮೀನುಗಾರರಿಗೆ ಯಾವ ಹಾನಿಯೂ ಆಗಿಲ್ಲ, ಭರವಸೆ ಈಡೇರಿದೆ. ಸಮಿತಿ ಇದನ್ನು ಒಪ್ಪಿದರೆ ವಿಷಯ ಅಲ್ಲಿಗೆ ಮುಗಿದಂತೆ. ಮತ್ತೆ ಹೊಸದಾಗಿ ಮೊದಲಿನಿಂದ ಶುರು ಮಾಡಬೇಕು, ಅಷ್ಟರಲ್ಲಿ ಇನ್ನೆಷ್ಟು ಮಳೆಗಾಲವೋ. ಜನರ ಕಡೆಯಿಂದ ನಾಲ್ಕೈದು ಮಂದಿಗೆ ಮಾತಾಡಲು ಅವಕಾಶ ಕೊಡಿಸಿದ್ದೇನೆ ಎಂದು ಸಂಸದರು ತಿಳಿಸಿದ್ದರು.

ಯಾರು ಹೋಗುವುದು ಎಂದು ಕಾಲೊನಿಯಲ್ಲಿ ಮಾತಾಯಿತು. ಕೆಲವರು ಹೀರಾ ಬೇಡ ಎಂದರು. ಹೋದರೂ ಜೆಟ್ಟಿ ಎಂದೇ ಹೇಳಬೇಕು ಎಂದರು. ಅತ್ತೆ ಎದ್ದು ನಿಂತು, "ನನ್ನ ಗಂಡನ ಕಾಲು ಹೋಗ್ಯದೆ. ನಾ ಹೋಗೂದೇ," ಎಂದರು. ಜೆಟ್ಟಿ ಎನ್ನುತ್ತೇನೆ ಎಂದೂ ಹೇಳಲಿಲ್ಲ, ಅನ್ನುವುದಿಲ್ಲ ಎಂದೂ ಹೇಳಲಿಲ್ಲ.

ಕಾರವಾರದ ಅತಿಥಿಗೃಹದ ದೊಡ್ಡ ಕೋಣೆ. ಉದ್ದ ಮೇಜು, ಬಿಳಿ ಬಟ್ಟೆ, ನೀರಿನ ಬಾಟಲಿ, ಗೋಡಂಬಿ ತಟ್ಟೆ. ಒಂದು ಕಡೆ ಸಮಿತಿಯ ಸಂಸದರು, ಇನ್ನೊಂದು ಕಡೆ ಅಧಿಕಾರಿಗಳು. ಅಧ್ಯಕ್ಷರು ಉತ್ತರದ ಕಡೆಯ ಮುದುಕರು, ಖಾದಿ ಕುರ್ತಾ, ಹಿಂದಿ ಮಾತು. ಕೊನೆಯ ಸಾಲಿನಲ್ಲಿ ನಾವು. ಮಾವನೂ ಬರುತ್ತೇನೆಂದು ಹಟ ಹಿಡಿದು ಬಂದಿದ್ದರು. ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದೆವು.

ಒಬ್ಬ ದೊಡ್ಡ ಅಧಿಕಾರಿ ಎದ್ದು ಇಂಗ್ಲಿಷಿನಲ್ಲಿ ವರದಿ ಓದಿದರು. ಮನೆ ಕೊಟ್ಟಿದ್ದೇವೆ, ನೀರು ಕೊಟ್ಟಿದ್ದೇವೆ, ವೈದ್ಯಕೀಯ ಶಿಬಿರ ಮಾಡಿದ್ದೇವೆ, ಹಾನಿಯ ದೂರು ಒಂದೂ ಬಂದಿಲ್ಲ. ನಾನು ತಿಳಿದಷ್ಟನ್ನು ಅತ್ತೆಯ ಕಿವಿಯಲ್ಲಿ ಹೇಳುತ್ತಿದ್ದೆ. ಅಧ್ಯಕ್ಷರು ತಲೆಯಾಡಿಸಿ ನಮ್ಮ ಕಡೆ ತಿರುಗಿದರು. ನಿಮಗೇನು ಹೇಳುವುದಿದೆ ಎಂದು ಕೇಳಿದರು. ನಮ್ಮ ಮಾತನ್ನು ಹಿಂದಿಗೆ ತಿರುಗಿಸಲು ಘಟ್ಟದ ಮೇಲಿನ ಒಬ್ಬ ಯುವ ಅಧಿಕಾರಿಯನ್ನು ನಿಲ್ಲಿಸಿದ್ದರು.

ಅತ್ತೆ ಸೆರಗು ಸರಿ ಮಾಡಿಕೊಂಡು ಎದ್ದರು. "ನಮ್ಗೆ ಧಕ್ಕೆ ಬೇಕು ಸಾಯ್ಬ್ರೇ."

ಪಕ್ಕದಲ್ಲಿದ್ದ ಮಾಸ್ತರರು ಕಣ್ಣು ಮುಚ್ಚಿಕೊಂಡರು. ಯುವ ಅಧಿಕಾರಿ ಏನು ಹೇಳಬೇಕೋ ತಿಳಿಯದೆ ಬಾಯಿ ತೆರೆದು ನಿಂತ. ಅವನಿಗಾಗಿ ಅಧ್ಯಕ್ಷರು ಕಾಯಲಿಲ್ಲ, ಆ ಒಂದು ಮಾತು ಅವರಿಗೇ ಕೇಳಿತ್ತು. ಹಿಂದಿಯಲ್ಲಿ ಧಕ್ಕಾ ಎಂದರೆ ನೂಕುವುದು. ಅವರು ನಕ್ಕು, "ಧಕ್ಕಾ ಬೇಕೇ ತಾಯಿ? ಇಷ್ಟು ವರ್ಷ ಸರಕಾರ ಕೊಟ್ಟದ್ದು ಸಾಲಲಿಲ್ಲವೇ?" ಎಂದರು. ಕೋಣೆಯಿಡೀ ನಗು. ಅಧಿಕಾರಿಗಳು ಇನ್ನೂ ಸ್ವಲ್ಪ ಜಾಸ್ತಿಯೇ ನಕ್ಕರು.

ಅತ್ತೆ ನಗಲಿಲ್ಲ. ನಗು ಮುಗಿಯುವವರೆಗೂ ನಿಂತೇ ಇದ್ದರು. ಆಮೇಲೆ ಪೇಟೆಯ ದನಿಯಲ್ಲಿ ಹೇಳಿದರು: "ಮುಂಬೈಲಿ ಭಾವುಚಾ ಧಕ್ಕಾ ಅದೆ ಅಲ್ಲಾ. ಅಲ್ಲಿ ದೋಣಿ ಬಂದು ನಿಲ್ತವೋ, ಜನ್ರಿಗೆ ಹಿಡ್ದು ನೂಕ್ತರೋ? ಬಲ್ಲೋರು ಯಾರಾರೂ ಇದ್ರೆ ಹೇಳಿ."

ಸಮಿತಿಯಲ್ಲಿ ಮಹಾರಾಷ್ಟ್ರದ ಕೊಂಕಣ ಕಡೆಯ ಒಬ್ಬ ಮಹಿಳಾ ಸಂಸದರಿದ್ದರು. ಭಾವುಚಾ ಧಕ್ಕಾ ಎಂಬುದು ಕಿವಿಗೆ ಬಿದ್ದದ್ದೇ ಅವರು ಪೆನ್ನು ಕೆಳಗಿಟ್ಟರು. "ಅಯ್ಯೋ ದೇವರೇ, ಈಕೆ ಕೇಳುವುದು ದೋಣಿ ಕಟ್ಟೆ! ನಮ್ಮ ಕಡಲಲ್ಲೂ ಧಕ್ಕಾ ಎಂದರೆ ಅದೇ," ಎಂದು ಅಧ್ಯಕ್ಷರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಅತ್ತೆಯ ಹತ್ತಿರ ಮರಾಠಿಯಲ್ಲಿ ಕೇಳಿದರು, ಅತ್ತೆ ಮನೆಯ ಕೊಂಕಣಿಯಲ್ಲಿ ಉತ್ತರ ಕೊಟ್ಟರು, ಇಬ್ಬರಿಗೂ ತರ್ಜುಮೆ ಬೇಕಾಗಲಿಲ್ಲ. ಅಧ್ಯಕ್ಷರ ನಗು ಮಾಯವಾಯಿತು. ನಮ್ಮ ಮೊದಲ ಅರ್ಜಿಯನ್ನು, ಸಚಿವರ ಉತ್ತರವನ್ನು, ಈಗಿನ ವರದಿಯನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ನೋಡಿದರು.

"ಈಕೆ ಕಟ್ಟೆ ಕೇಳಿದರೆ ನಾವು ಹಾನಿಯಿಲ್ಲ ಎಂದು ಉತ್ತರ ಕೊಟ್ಟೆವು. ಆ ಉತ್ತರ ಈಡೇರಿತು ಎಂದು ವರದಿಯನ್ನೂ ಬರೆದೆವು. ಕೇಳಿದ್ದೇನು ಎಂದು ಯಾರೂ ನೋಡಲಿಲ್ಲವೇ?" ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಕಥೆ ದಿಲ್ಲಿಯವರೆಗೂ ಇದೆ ಎಂದು ನನಗೆ ಆಗ ತಿಳಿಯಿತು.

ದೊಡ್ಡ ಅಧಿಕಾರಿ ಎದ್ದರು. ಅವರೂ ಬುದ್ಧಿವಂತರೇ. "ಮಾನ್ಯರೇ, ಸದನದಲ್ಲಿ ಕೊಟ್ಟ ಭರವಸೆ ಹಾನಿಯಾಗದು ಎಂಬುದು ಮಾತ್ರ. ಅದು ಈಡೇರಿದೆ. ಕಟ್ಟೆ ಹೊಸ ಬೇಡಿಕೆ. ನಿಯಮದ ಪ್ರಕಾರ ಈ ಸಮಿತಿಯ ಮುಂದೆ ಅದು ಬರುವುದಿಲ್ಲ," ಎಂದರು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸತೊಡಗಿದರು. ಅಧಿಕಾರಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ನಮ್ಮ ಕುತ್ತಿಗೆಗೆ ಬಂದಿತ್ತು. ನಾನು ಅತ್ತೆಗೆ ಮೆಲ್ಲಗೆ ಅರ್ಥ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ, ಪೇಟೆಯಲ್ಲಿ ಕೂಗುವ ಹಾಗೆ ಕೂಗಿದರು: "ಕೇಳ್ತಾ? ಒಳ್ಗೆ ಬನ್ನಿ!"

ಮಾವ ಊರುಗೋಲು ಕುಟ್ಟುತ್ತ ಒಳಗೆ ಬಂದರು. ಬಾಗಿಲಲ್ಲಿದ್ದ ಪೇದೆ ತಡೆಯಬೇಕೋ ಬಿಡಬೇಕೋ ತಿಳಿಯದೆ ದಾರಿ ಬಿಟ್ಟ. ಅತ್ತೆ ಅವರ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಅಧ್ಯಕ್ಷರ ಮುಂದೆ ನಿಲ್ಲಿಸಿದರು. ಕಾಲು ಬಾಗಿ ಬತ್ತಿಹೋಗಿತ್ತು.

"ಇದು ಎಂತಾ ಸಾಯ್ಬ್ರೇ? ಸಚಿವ್ರು ಮಾತು ಕೊಟ್ಟ ಮೇಲೇ ಆದ್ದು ಇದು, ಆ ಬಂಡೆಗೆ ಬಡ್ದು. ಹಾನಿ ಅಲ್ವಾ ಇದು? ನನ್ನ ಧಕ್ಕೆ ಬೇಡ, ಬಿಡಿ. ನಿಮ್ಮ ಧಕ್ಕೆನೇ ಹಿಡಿವಾ. ನಮ್ಮ ಧಕ್ಕೆ ಇಲ್ದಿದ್ದಕ್ಕೇ ನಿಮ್ಮ ಧಕ್ಕೆ ಆಯ್ತು!"

ಯುವ ಅಧಿಕಾರಿ ಈ ಸಲ ತಡವರಿಸಲಿಲ್ಲ. ಒಂದೊಂದು ಮಾತನ್ನೂ ಬಿಡದೆ, ಎರಡು ಧಕ್ಕೆಯನ್ನೂ ಬೇರೆ ಬೇರೆ ಮಾಡಿ ಹಿಂದಿಯಲ್ಲಿ ಹೇಳಿದ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಮಾವನ ಕಾಲನ್ನು ನೋಡಿದರು, ಎದ್ದು ನಿಂತು ಮಾವನಿಗೆ ತಮ್ಮ ಪಕ್ಕದ ಕುರ್ಚಿ ಎಳೆದುಕೊಟ್ಟರು. ಆಮೇಲೆ ಅಧಿಕಾರಿಗಳ ಸಾಲಿನ ಕಡೆ ತಿರುಗಿ ಕೇಳಿದರು: "ಗುಡ್ಡೇಬೇಲೆಯನ್ನು ನಿಮ್ಮಲ್ಲಿ ನೋಡಿದವರು ಯಾರು?"

ಯಾರೂ ಕೈ ಎತ್ತಲಿಲ್ಲ. ನಾವು ಕೈ ಮುಗಿದು ಬಾಗಿಲಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದ ಸಾಹೇಬರು ಪಾಠ ಕಲಿಯದ ಮಕ್ಕಳ ಹಾಗೆ ಒಬ್ಬೊಬ್ಬರೇ ಎದ್ದು ನಿಂತು ಉತ್ತರ ಹೇಳಬೇಕಾಯಿತು. ಕೇಳುತ್ತಿದ್ದವರಲ್ಲಿ ಸರಕಾರದ ಪಕ್ಷದವರೂ ಇದ್ದರು, ವಿರೋಧದವರೂ ಇದ್ದರು, ಯಾರು ಯಾವ ಕಡೆ ಎಂದು ಕೇಳುವ ರೀತಿಯಲ್ಲಿ ತಿಳಿಯುತ್ತಿರಲಿಲ್ಲ. ಟಿವಿಯಲ್ಲಿ ಕೂಗಾಟ ನೋಡಿ ಪಾರ್ಲಿಮೆಂಟು ಎಂದರೆ ಅಷ್ಟೇ ಎಂದುಕೊಂಡಿದ್ದೆ. ಆ ದಿನ ನನಗೆ ಅತ್ತೆಯ ಬಗ್ಗೆ ಎಷ್ಟು ಹೆಮ್ಮೆಯಾಯಿತೋ ಆ ಮುದುಕರ ಬಗ್ಗೆಯೂ ಅಷ್ಟೇ ಆಯಿತು. ನಮ್ಮ ದೇಶದಲ್ಲಿ ಇಂಥದ್ದೊಂದು ಕೋಣೆ ಇದೆ, ಅದರಲ್ಲಿ ನಮ್ಮತ್ತೆಗೂ ಒಂದು ಕುರ್ಚಿ ಇದೆ.

ಊಟ ಬಿಟ್ಟು ಸಮಿತಿ ಗುಡ್ಡೇಬೇಲೆಗೆ ಬಂತು. ದೋಣಿಗಳು ಬರುವ ಹೊತ್ತು. ಹೆಂಗಸರು ನೀರಿಗಿಳಿದು ಬುಟ್ಟಿ ಹೊತ್ತು ಬರುವುದನ್ನು ಅವರು ಬಂಡೆಯ ಮೇಲೆ ನಿಂತು ನೋಡಿದರು. ಕೊಂಕಣದ ಸಂಸದೆ ಚಪ್ಪಲಿ ಕಳಚಿ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೇಬಿಟ್ಟರು, ಒಂದು ತೆರೆಗೆ ಪೂರ್ತಿ ನೆನೆದು ನಗುತ್ತ ಹಿಂದೆ ಬಂದರು. ಹೊರಡುವ ಮುಂಚೆ ಅಧ್ಯಕ್ಷರು ಅತ್ತೆಗೆ ಸುಳ್ಳು ಹೇಳಲಿಲ್ಲ. "ನಾವು ಕಟ್ಟುವವರಲ್ಲ ತಾಯಿ. ನಮಗೆ ಕೇಳುವ ಅಧಿಕಾರ ಮಾತ್ರ ಇದೆ. ಆಗುವ ತನಕ ಕೇಳುತ್ತೇವೆ," ಎಂದರು.

"ಕೇಳಿ ಸಾಯ್ಬ್ರೇ. ನಾನೂ ಕೇಳ್ತೆ," ಎಂದರು ಅತ್ತೆ. "ನಾಳೆ ಅಂದವ್ರ ಮನೆ ಬಾಗ್ಲಿಗೆ ನಾಳೆನೂ ಹೋಗೂದು."

ಸಮಿತಿಯ ವರದಿ ಬಂದಾಗ ಮಾಸ್ತರರು ಅದನ್ನು ನಮ್ಮ ಜಗಲಿಯಲ್ಲಿ ಕುಳಿತು ಕಾಲೊನಿಗೆಲ್ಲ ಓದಿ ಹೇಳಿದರು. ಭರವಸೆ ಈಡೇರಿಲ್ಲ, ದೋಣಿ ಕಟ್ಟೆ ಇಲ್ಲದೆ ಈಡೇರುವುದೂ ಇಲ್ಲ ಎಂದು ಬರೆದಿತ್ತು. ಇಂಗ್ಲಿಷಿನ ನಡುವೆ ಧಕ್ಕೆ ಎಂಬ ಮಾತನ್ನು ಹಾಗೆಯೇ ಇಟ್ಟು, ಅದರ ಅರ್ಥವನ್ನೂ ಕೊಟ್ಟಿದ್ದರು. ಬೆನ್ನ ಹಿಂದೆ ಆಡಿಕೊಂಡಿದ್ದವರೇ ಅವತ್ತು ಅತ್ತೆಗೆ ಧಕ್ಕೆ ಹೀರಾ ಎಂದು ಹೆಸರಿಟ್ಟರು. ಸರಕಾರ ಎರಡು ಸಲ ಸಮಯ ಕೇಳಿತು. ಸಮಿತಿ ಕೊಟ್ಟಿತು, ಆದರೆ ಮರೆಯಲಿಲ್ಲ. ನಡುವೆ ಲೋಕಸಭೆ ಚುನಾವಣೆ ಬಂದು ಹಳಬರು ಹೋಗಿ ಹೊಸಬರು ಬಂದರು. ಹೊಸ ಸಮಿತಿಯೂ ಅದೇ ಪ್ರಶ್ನೆ ಕೇಳಿತು. ಇಷ್ಟರಲ್ಲಿ ಕಲ್ಲು ಬಂತು, ಸಿಮೆಂಟು ಬಂತು, ಮಳೆಗೆ ಕೆಲಸ ನಿಂತು ಮತ್ತೆ ಶುರುವಾಯಿತು. ಅತ್ತೆ ದಿನಾ ಪೇಟೆಯಿಂದ ಬರುವಾಗ ಕಂತ್ರಾಟುದಾರನ ಶೆಡ್ಡಿನ ಮುಂದೆ ಬಸ್ಸಿಳಿದು ವಿಚಾರಿಸಿಯೇ ಮನೆಗೆ ಬರುತ್ತಿದ್ದರು. ಅವನು ಇವರನ್ನು ಕಂಡರೆ ಸಿಮೆಂಟು ಚೀಲದ ಹಿಂದೆ ಅಡಗುತ್ತಿದ್ದನಂತೆ.

ಎರಡು ಸಾವಿರದ ಒಂಬತ್ತು ಮುಗಿಯುವ ಹೊತ್ತಿಗೆ ಗುಡ್ಡೇಬೇಲೆಯ ಧಕ್ಕೆ ತಯಾರಾಯಿತು. ಉದ್ಘಾಟನೆ, ಹಾರ, ಭಾಷಣ ಎಲ್ಲ ಆಯಿತು, ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಮರುದಿನದ್ದನ್ನು ಬರೆಯಬೇಕು. ಬೆಳಿಗ್ಗೆ ನಾನೂ ಅತ್ತೆಯೂ ಬುಟ್ಟಿ ಹಿಡಿದು ಧಕ್ಕೆಗೆ ಹೋಗಿ ನಿಂತಿದ್ದೆವು. ದೇವಾನಂದನ ದೋಣಿ ಬಂತು. ದೋಣಿಯ ಹಿಂದುಗಡೆ ಚುಕ್ಕಾಣಿ ಹಿಡಿದು ಕುಳಿತವರು ಮಾವ. ಅಪ್ಪ ಮಗ ಇಬ್ಬರೂ ನಮಗೆ ಸುಳಿವು ಕೊಡದೆ ನಸುಕಿನಲ್ಲೇ ಹೊರಟಿದ್ದರು. ಧಕ್ಕೆಯಿಂದ ದೋಣಿಗೆ ಇಳಿಯಲು ಮೆಟ್ಟಿಲಿತ್ತು, ನೀರಿಗೆ ಕಾಲಿಡುವ ಪ್ರಶ್ನೆಯೇ ಇರಲಿಲ್ಲ.

ಬೈಗುಳ ಬೀಳುತ್ತದೆ ಎಂದುಕೊಂಡೆ. ಅತ್ತೆ ಬೈಯಲಿಲ್ಲ. ಮಾವ ದೋಣಿಯಲ್ಲಿ ಕುಳಿತಲ್ಲಿಂದಲೇ ಬಾಂಗಡೆ ತುಂಬಿದ ಬುಟ್ಟಿಯನ್ನು ಎತ್ತಿ, "ಹಿಡಿ ಹೀರಾ, ಎಂತಾ ನೋಡ್ತೆ?" ಎಂದರು. ಅತ್ತೆ ಬಾಗಿ ಬುಟ್ಟಿ ತೆಗೆದುಕೊಂಡು ತಲೆಯ ಮೇಲಿಟ್ಟುಕೊಂಡರು. ಅವತ್ತು ಬಸ್ಸಿನಲ್ಲಿ ಇಡೀ ದಾರಿ ಒಣ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಕುಳಿತಿದ್ದರು.

ಪೇಟೆಯಲ್ಲಿ ಬುಟ್ಟಿ ಇಳಿಸಿ ಕೂತದ್ದೇ, ಯಾವಾಗಲೂ ಬರುವ ಒಬ್ಬ ಗಿರಾಕಿ ಬಾಂಗಡೆಯ ಕಿವಿರು ಎತ್ತಿ ನೋಡಿ, ತಾಜಾ ಇದೆಯಲ್ಲ, ಎಲ್ಲಿಯದು ಎಂದು ಕೇಳಿದರು.

"ನಮ್ಮ ಧಕ್ಕೆದು," ಎಂದರು ಅತ್ತೆ, ಸದಾಶಿವಗಡಕ್ಕೆ ಕೇಳುವಷ್ಟು ಜೋರಾಗಿ. "ನಮ್ಮನೆಯವ್ರೇ ತಂದದ್ದು."